ಇಳಿಯದ ಅಂಕಿ

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ

ಊಟ ಆಯಿತು. ಈ ಹೊತ್ತಿನಲ್ಲಿ ಲ್ಯಾಬಿಗೆ ಲ್ಯಾಬೇ ತೂಕಡಿಸುತ್ತದೆ. ರಕ್ತದ ಟ್ಯೂಬುಗಳನ್ನು ಗಿರಗಿರ ತಿರುಗಿಸುವ ಮೆಷಿನ್ ಒಂದೇ ಎಚ್ಚರ. ಯಾರೋ ದೂರದಲ್ಲಿ ಒಂದೇ ಅಕ್ಷರವನ್ನು ಎಳೆದು ಎಳೆದು ಹಾಡುತ್ತಿರುವ ಹಾಗೆ ಅದರ ಸದ್ದು...

ಬೆಳಗಿನಿಂದ ವರದಿ ಓದಿ ಕಣ್ಣು ಮಂಜು. ಸಾಹಿತ್ಯದಲ್ಲಿ ಎಂ.ಎ. ಮಾಡಿ ಸಿಕ್ಕ ಕೆಲಸ ಇದು — ವರದಿ ಹೊರಗೆ ಹೋಗುವ ಮೊದಲು ಓದುವುದು, ಬಿಟ್ಟುಹೋದ ಪದ ಸೇರಿಸುವುದು, ಜಾರಿದ ಚುಕ್ಕಿಯನ್ನು ಅದರ ಜಾಗಕ್ಕೆ ತರುವುದು. ಹೆಸರುಗಳಿರುವುದಿಲ್ಲ. ಆಸ್ಪತ್ರೆಯಿಂದ ಬರುವ ಟ್ಯೂಬುಗಳ ಮೇಲೆ ಬರೀ ಸಂಖ್ಯೆ. ಎಲ್ಲರ ರಕ್ತವನ್ನೂ ಓದಿದ್ದೇನೆ, ಯಾರ ಮುಖವನ್ನೂ ನೋಡಿಲ್ಲ. ನನ್ನಂಥ ಸಂಕೋಚದವಳಿಗೆ ಹೇಳಿ ಮಾಡಿಸಿದ ಹಾಗಿದೆ.

ಒಂದು ಸಂಖ್ಯೆಯ ಮುಖ ಮಾತ್ರ ಗೊತ್ತು. ಅಣ್ಣನದು. ಲ್ಯಾಬಿನಲ್ಲಿ ಯಾರಿಗೂ ಹೇಳಿಲ್ಲ.

ಇವತ್ತು ಅವನ ವರದಿ ಬಂತು. ಆಲ್ಫಾ ಫೀಟೋ ಪ್ರೋಟೀನ್ — 44. ಹತ್ತರ ಒಳಗಿರಬೇಕಾದದ್ದು. ಹೋದ ವಾರ 43.

ಚುಕ್ಕಿ ಎಲ್ಲಾದರೂ ಜಾರಿದೆಯೇ ಎಂದು ಮತ್ತೆ ಮತ್ತೆ ನೋಡಿದೆ. 4.4 ಇದ್ದಿದ್ದರೆ! ಜಾರಿರಲಿಲ್ಲ. ತಿದ್ದಲು ಏನೂ ಇಲ್ಲದೆ ಮುಂದಕ್ಕೆ ಕಳಿಸಿದೆ.

ಮಾರ್ಚ್ 6, ಶುಕ್ರವಾರ. ಸಂಜೆ

ಕ್ಯಾನ್ಸರ್ ಡಾಕ್ಟರ ಹತ್ತಿರ ಮೂವರೂ ಹೋಗಿದ್ದೆವು. ಅಣ್ಣ, ಅಮ್ಮ, ನಾನು. ಅವರ ಮೇಜಿನ ಗಾಜಿನ ಕೆಳಗೆ ಯಾವುದೋ ಮಗು ಬರೆದ ಮೀನಿನ ಚಿತ್ರ. ಅವರು ಮಾತಾಡಿದಷ್ಟು ಹೊತ್ತೂ ಆ ಮೀನನ್ನೇ ನೋಡುತ್ತಿದ್ದೆ.

"ನೋಡಪ್ಪ, ಆಪರೇಷನ್‌ಗೆ ಮುಂಚೆ ನಾನೂರ ಹತ್ತಿತ್ತು. ಗಡ್ಡೆ ತೆಗೆದ್ಮೇಲೆ ವಾರ ವಾರಕ್ಕೂ ಅರ್ಧ ಆಗ್ತಾ ಬಂತು, ಸರಿಯಾಗೇ ಇತ್ತು. ಈಗ ನಲವತ್ತರ ಹತ್ರ ಬಂದು ಕೂತ್ಬಿಟ್ಟಿದೆ. ಮಿಸುಕ್ತಾ ಇಲ್ಲ."

"ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದ್ರಲ್ಲ ಡಾಕ್ಟ್ರೇ?" ಅಮ್ಮ ಕೇಳಿದಳು.

"ಸ್ಕ್ಯಾನ್‌ಗೆ ಕಾಣದಷ್ಟು ಸಣ್ಣದು ಎಲ್ಲೋ ಉಳಿದಿರಬಹುದಮ್ಮ. ಈ ಪ್ರೋಟೀನ್ ಇಳೀದೇ ಇದ್ರೆ ನಾವು ಹಾಗೇ ತಿಳ್ಕೋಬೇಕು. ವೃಷಣದ ಕ್ಯಾನ್ಸರ್ ಕೀಮೋಗೆ ಚೆನ್ನಾಗಿ ಬಗ್ಗತ್ತೆ, ಧೈರ್ಯವಾಗಿರಿ. ಆದ್ರೆ ತಡ ಬೇಡ. ಇಪ್ಪತ್ಮೂರಕ್ಕೆ ಶುರು ಮಾಡೋಣ."

ಮೂರು ಔಷಧಿಗಳಂತೆ. ಅದರಲ್ಲಿ ಒಂದು ಕೆಲವರ ಶ್ವಾಸಕೋಶವನ್ನು ಕೆಡಿಸುತ್ತದಂತೆ. "ಏನು ಕೆಲಸ ಮಾಡ್ತೀಯಪ್ಪ?" ಎಂದು ಕೇಳಿದರು.

"ಗಾಜು ಊದ್ತೀನಿ ಸರ್. ಲ್ಯಾಬಿಗೆ ಬೇಕಾಗೋ ಫ್ಲಾಸ್ಕು, ಟ್ಯೂಬು."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ನೋಡೋಣ, ಎಲ್ರಿಗೂ ಹಾಗಾಗಲ್ಲ," ಎಂದರು.

ಬಸ್ಸಿನಲ್ಲಿ ಅಣ್ಣ ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟು, ಮಸುಕು ಆರುವುದನ್ನು ನೋಡುತ್ತಾ ಕೂತಿದ್ದ.

ಮನೆಯೊಳಗೆ ಕಾಲಿಡುತ್ತಿದ್ದಂತೆ ಫೋನು. ಅಮ್ಮ ಇಪ್ಪತ್ತಾರು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವಳು. ಮನಸ್ಸು ಎಲ್ಲಿದ್ದರೂ ಗಂಟಲು ಡ್ಯೂಟಿಗೆ ಹಾಜರಾಗುತ್ತದೆ. "ಹೌದೌದು, ಹರ್ನಿಯಾ ಆಪರೇಷನ್. ಈಗ ಆರಾಮಾಗಿದಾನೆ. ಧನ್ಯವಾದ." ನೆಂಟರಿಗೆಲ್ಲ ಅದೇ ಉತ್ತರ, ಅದೇ ರಾಗ. ಯಾವ ಭಾಗ ಎಂದು ಬಾಯಿಬಿಟ್ಟು ಹೇಳಲು ನಮ್ಮ ಮನೆಯಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಅಣ್ಣನಿಗೊಬ್ಬನಿಗೆ ಬರುತ್ತದೆ, ಅದೂ ತಮಾಷೆಗೆ.

"ಒಬ್ಬ ರಾಜೀನಾಮೆ ಕೊಟ್ಟು ಹೋದ. ಇನ್ನೊಬ್ಬ ಡಬಲ್ ಡ್ಯೂಟಿ ಮಾಡ್ತಾ ಇದಾನೆ."

"ಥೂ, ತಂಗಿ ಮುಂದೆ ಏನೋ ಅದು!" ಅಮ್ಮ ಬೈದಳು. ಬೈದು ಒಳಗೆ ಹೋಗಿ, ನಲ್ಲಿ ಬಿಟ್ಟುಕೊಂಡು ನಿಂತಳು. ತೊಳೆಯಲು ಪಾತ್ರೆಗಳೇ ಇರಲಿಲ್ಲ.

ಮಾರ್ಚ್ 7, ಶನಿವಾರ

ಓದಿದೆ. ಈ ಪ್ರೋಟೀನನ್ನು ತಯಾರಿಸುವುದು ಗರ್ಭದಲ್ಲಿರುವ ಮಗುವಂತೆ. ಹುಟ್ಟಿದ ಮೇಲೆ ಬೇಕಾಗುವುದಿಲ್ಲ. ಮೆಲ್ಲಮೆಲ್ಲಗೆ ನಿಂತುಹೋಗುತ್ತದೆ. ದೊಡ್ಡವರ ರಕ್ತದಲ್ಲಿ ಕಂಡರೆ ಕೇಡು.

ಕಣ್ಣು ಮುಚ್ಚಿದರೆ ಅದೇ. ಬೆಚ್ಚನೆಯ ಕತ್ತಲ ನೀರು. ಇಪ್ಪತ್ತೊಂಬತ್ತು ವರ್ಷದ ಅಣ್ಣ ಮಂಡಿ ಮಡಚಿಕೊಂಡು ತೇಲುತ್ತಿದ್ದಾನೆ, ಷರ್ಟು ಪ್ಯಾಂಟಿನಲ್ಲೇ. ಹೊರಗಿನಿಂದ ಯಾರೋ ಕೂಗುತ್ತಿದ್ದಾರೆ, ಅವನಿಗೆ ಕೇಳುತ್ತಿಲ್ಲ. ಅವನ ರಕ್ತದಲ್ಲಿ ಯಾವುದೋ ಒಂದು ಹನಿಗೆ ತಾನಿನ್ನೂ ಹುಟ್ಟಿಲ್ಲ ಎಂಬ ಭ್ರಮೆ...

ಹಾಲು ಉಕ್ಕಿತು. ಅಮ್ಮ ಬೈದಳು.

ಮಾರ್ಚ್ 9, ಸೋಮವಾರ. ಬೆಳಿಗ್ಗೆ

ಹೊಸ ಮೆಷಿನ್ ಬಂದಿದೆ. ಬೆಳ್ಳಗೆ, ದೊಡ್ಡ ಫ್ರಿಜ್ಜಿನಂತಿದೆ. ಅದನ್ನು ಕೆಲಸಕ್ಕೆ ಹಚ್ಚುವ ಮೊದಲು, ಆರೋಗ್ಯವಂತರ ರಕ್ತ ಕೊಟ್ಟರೆ ಸರಿಯಾದ ಅಂಕಿ ಹೇಳುತ್ತದೆಯೇ ಎಂದು ನೋಡಬೇಕಂತೆ. ಆರೋಗ್ಯವಂತರನ್ನು ಎಲ್ಲಿಂದ ತರುವುದು? ನಮ್ಮನ್ನೇ ಸಾಲಾಗಿ ಕೂರಿಸಿದರು. ಡ್ರೈವರ್, ಗುಡಿಸುವ ಅಮ್ಮ, ಕೌಂಟರಿನವರು, ನಾನು.

ರಕ್ತ ತೆಗೆದದ್ದು ಸೂಜಿ ಅಕ್ಕ. ಹಿರಿಯ ಟೆಕ್ನಿಷಿಯನ್. ಅವರ ಕೈಯಲ್ಲಿ ಚುಚ್ಚಿಸಿಕೊಂಡರೆ ನೋವಾಗುವುದಿಲ್ಲ, ಬಾಯಿಂದ ಚುಚ್ಚಿದರೆ ಎರಡು ದಿನ ನೋಯುತ್ತದೆ ಎಂದು ಡ್ರೈವರ್ ಹೇಳುವುದುಂಟು.

"ಏನೇ ಇದು, ನರ ಹುಡುಕೋಕೆ ಟಾರ್ಚ್ ಬೇಕು. ನಿನ್ ಥರಾನೇ ಬಚ್ಚಿಟ್ಕೊಂಡಿದೆ."

ನನ್ನ ಟ್ಯೂಬಿಗೆ ಎಂಟನೇ ನಂಬರ್.

ಮಾರ್ಚ್ 11, ಬುಧವಾರ

ಎಂಟನೆಯದು ತಪ್ಪು ಬಂದಿದೆಯಂತೆ. ಆಲ್ಫಾ ಫೀಟೋ ಪ್ರೋಟೀನ್ ಉಳಿದವರದೆಲ್ಲ ಮೂರು, ನಾಲ್ಕು, ಐದು. ಎಂಟು ಒಂದೇ 36. "ಟ್ಯೂಬ್ ಅದಲುಬದಲಾಗಿರತ್ತೆ. ಬಿಟ್ಟಾಕಿ ಮೇಡಂ," ಎಂದ ಮೆಷಿನ್ ಕಂಪನಿಯ ಹುಡುಗ. ಲ್ಯಾಬಿನ ಮುಖ್ಯ ಡಾಕ್ಟರನ್ನು ನಾವು ದೊಡ್ಡ ಮೇಡಂ ಅನ್ನುತ್ತೇವೆ. ಅವರು ಕನ್ನಡಕದ ಮೇಲಿಂದ ನೋಡಿ ಎಂಟಕ್ಕೆ ಗೆರೆ ಎಳೆದರು.

ನನಗೆ ಬೇಜಾರೇನಾಗಲಿಲ್ಲ. ಗುಂಪು ಫೋಟೋದಲ್ಲೂ ನನ್ನ ಮುಖ ಯಾರದಾದರೂ ಭುಜದ ಹಿಂದೆಯೇ ಇರುತ್ತದೆ.

ಮಾರ್ಚ್ 12, ಗುರುವಾರ. ಮಧ್ಯಾಹ್ನ

ನಾಚಿಕೆ ಇನ್ನೂ ಹೋಗಿಲ್ಲ. ನಗುವೂ ಬರುತ್ತಿದೆ.

ಸೂಜಿ ಅಕ್ಕ ಸ್ಟೋರ್ ರೂಮಿಗೆ ಕರೆದರು. ಬಾಗಿಲು ಹಾಕಿದರು. ಹತ್ತಿಯ ಕಟ್ಟುಗಳ ಮೇಲೆ ಕೂರಿಸಿದರು.

"ಎಂಟು ನೀನು ತಾನೇ? ನಾನು ಟ್ಯೂಬ್ ಅದಲುಬದಲು ಮಾಡೋಳಲ್ಲ. ನಿಜ ಹೇಳು, ಬೈಯಲ್ಲ."

"ಏನಕ್ಕಾ?"

"ಯಾರು ಅಂತ ಕೇಳಲ್ಲ. ಎಷ್ಟು ತಿಂಗಳು ಅಂತ ಹೇಳು ಸಾಕು."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಸುರಿಯರ ರಕ್ತದಲ್ಲೂ ಈ ಪ್ರೋಟೀನ್ ಏರುತ್ತದೆ, ಒಳಗಿನ ಮಗುವಿನದು. ಕಿವಿ ಕೆಂಡವಾಯಿತು.

"ಅಕ್ಕಾ! ನಾನು ಹುಡುಗರ ಜೊತೆ ಮಾತೇ ಆಡಲ್ಲ!"

"ಮಾತಾಡ್ತಾ ಕೂತೋರಿಗೆ ಇದೆಲ್ಲ ಆಗಲ್ಲಮ್ಮ."

"ಆಣೆಗೂ ಇಲ್ಲ ಅಕ್ಕ..."

ಅವರು ನನ್ನ ಗದ್ದ ಹಿಡಿದು ಮುಖವನ್ನೇ ನೋಡಿದರು. ನಂಬಿದರು. ನಂಬಿದ ಮೇಲೆ ಅವರ ಮುಖ ಬದಲಾಯಿತು. ಬಸುರಿಯಾಗಿದ್ದರೇ ಚೆನ್ನಾಗಿತ್ತು ಅನ್ನುವ ಹಾಗೆ. "ಕೈ ಕೊಡು. ಇನ್ನೊಂದ್ಸಲ ತೆಗೀತೀನಿ."

ಮಾರ್ಚ್ 13, ಶುಕ್ರವಾರ

ಬಸಿರಿಲ್ಲ ಎಂದು ಮೆಷಿನ್ನೇ ಹೇಳಿತು. 36 ಮಾತ್ರ 36ರಲ್ಲೇ ಇದೆ. ಹಳೆಯ ಮೆಷಿನ್ನಿನಲ್ಲೂ ಅಷ್ಟೇ.

ದೊಡ್ಡ ಮೇಡಂ ಕರೆದು ಕೂರಿಸಿದರು. ಯಕೃತ್ತು ಕೆಟ್ಟರೂ ಈ ಅಂಕಿ ಏರುತ್ತದೆಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ತಣ್ಣನೆಯ ಜೆಲ್ಲು, ಪರದೆಯ ಮೇಲೆ ಮೋಡ. ನನ್ನ ಯಕೃತ್ತು ನೋಡಿದೆ, ಸಂಜೆಯ ಕೆರೆಯ ಹಾಗಿತ್ತು. ಚೆನ್ನಾಗಿದೆಯಂತೆ.

"ಮನೇಲಿ ಯಾರಿಗಾದ್ರೂ ಏನಾದ್ರೂ ಕಾಯಿಲೆ ಇದ್ಯೇನಮ್ಮ?"

"ಇಲ್ಲ ಮೇಡಂ. ಅಣ್ಣನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಈಗ ಆರಾಮಾಗಿದಾನೆ. ಧನ್ಯವಾದ."

ಅಮ್ಮನ ದನಿ. ಪದ ಪದವೂ. ನನ್ನ ಬಾಯಿಂದ ಹೇಗೆ ಬಂತೋ.

"ತಿಂಗಳು ಬಿಟ್ಟು ಮತ್ತೆ ನೋಡೋಣ," ಎಂದು ಮೇಡಂ ಫೈಲು ಮುಚ್ಚಿದರು.

ಮಾರ್ಚ್ 15, ಭಾನುವಾರ

ಅಣ್ಣನ ಜೊತೆ ಅವನ ಕಾರ್ಖಾನೆಗೆ ಹೋದೆ. ರಜೆ, ಯಾರೂ ಇರಲಿಲ್ಲ. ಭಾರ ಎತ್ತಬೇಡ ಎಂದಿದ್ದಾರೆ, ಊದಬೇಡ ಎಂದಿಲ್ಲ ಎಂಬುದು ಅವನ ವಾದ.

ಉರಿಯ ಮುಂದೆ ಗಾಜಿನ ಕೊಳವೆಯನ್ನು ತಿರುಗಿಸುತ್ತಲೇ ಇದ್ದ. ಅದು ಕೆಂಪಾಗಿ, ಬಾಗುವ ಮನಸ್ಸು ಮಾಡುವ ಗಳಿಗೆ ಅವನಿಗೆ ಗೊತ್ತು. ಆಗ ತುಟಿ ಇಟ್ಟ. ಕೆನ್ನೆ ಉಬ್ಬಲೇ ಇಲ್ಲ. ಏನೂ ಮಾಡದವನ ಹಾಗೆ ಕೂತಿದ್ದ, ಅತ್ತ ತುದಿಯಲ್ಲಿ ಗಾಜು ಮಾತ್ರ ನಿದ್ದೆಯಲ್ಲಿ ಉಸಿರೆಳೆದುಕೊಂಡ ಹಾಗೆ ದುಂಡಗಾಯಿತು. ಹಿಂದೆ ಬೇಕಾದಷ್ಟು ಸಲ ನೋಡಿದ್ದೆ. ಇವತ್ತು ಮೊದಲ ಸಲ ನೋಡಿದೆ.

"ಕೀಮೋ ಆದ್ಮೇಲೆ ಊದೋಕಾಗ್ದೇ ಇದ್ರೆ ಏನ್ ಮಾಡ್ತೀಯೋ?"

"ಪ್ಯಾಕಿಂಗ್ ಸೆಕ್ಷನ್. ಬೇರೆಯವರು ಊದಿದ್ದಕ್ಕೆ ನಾನು ಪೇಪರ್ ಸುತ್ತೋದು." ಬರ್ನರ್ ಆರಿಸಿದ. "ಬದುಕಿರ್ತೀನಲ್ಲ, ಬಿಡು. ಅಮ್ಮನ ಮುಂದೆ ಈ ಮಾತೆಲ್ಲ ಎತ್ತಬೇಡ."

ನನ್ನ 36ರ ವಿಷಯ ಹೇಳಬೇಕೆಂದೇ ಹೋಗಿದ್ದೆ. ಹೇಳಲಿಲ್ಲ. ಅವನಿಗಿರುವುದೇ ನನಗೂ ಬಂದಿದೆ ಅನ್ನಿಸುತ್ತಿದೆ. ಹುಡುಗಿಯರಿಗೆ ಅದು ಎಲ್ಲಿ ಬರುತ್ತದೆ? ಕೇಳುವುದು ಯಾರನ್ನು?

ವಿಚಿತ್ರವೆಂದರೆ ಅಷ್ಟು ಹೆದರಿಕೆಯಾಗುತ್ತಿಲ್ಲ. ಚಿಕ್ಕವರಿದ್ದಾಗ ಇಬ್ಬರಿಗೂ ಒಟ್ಟಿಗೇ ಜ್ವರ ಬರುತ್ತಿತ್ತು. ಒಂದೇ ಚಾಪೆ, ಒಂದೇ ಹೊದಿಕೆ. ಕಿಟಕಿಯ ಬೆಳಕು ಗೋಡೆಯ ಮೇಲೆ ಜರುಗುವುದನ್ನು ನೋಡುತ್ತಾ ಮಲಗಿರುತ್ತಿದ್ದೆವು...

ಮಾರ್ಚ್ 17, ಮಂಗಳವಾರ. ಹನ್ನೊಂದೂವರೆ

ಅಣ್ಣನ ವರದಿ ಮತ್ತೆ ಬಂತು. 43. ಕೀಮೋಗೆ ಮೊದಲಿನ ಕೊನೆಯ ಟೆಸ್ಟ್. ಈ ಕ್ಯಾನ್ಸರಿನ ಸುಳಿವು ಕೊಡುವ ಇನ್ನೆರಡು ಪ್ರೋಟೀನುಗಳು ಎಂದೋ ಇಳಿದು ಮನೆಗೆ ಹೋಗಿವೆ. ಇದೊಂದೇ ಹೊಸ್ತಿಲಲ್ಲಿ ಕೂತಿದೆ.

ಓದಿ ಮುಂದಕ್ಕೆ ಕಳಿಸಬೇಕು. ಆಗಲಿಲ್ಲ. ಎದ್ದು, ಹಾಳೆ ಹಿಡಿದುಕೊಂಡು, ದೊಡ್ಡ ಮೇಡಂ ರೂಮಿಗೆ ಹೋದೆ. ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದರು.

"ಮೇಡಂ... ಅಣ್ಣನಿಗಿರೋದು ತಂಗಿಗೂ ಬರತ್ತಾ?"

"ಹರ್ನಿಯಾನಾ?"

"ಹರ್ನಿಯಾ ಅಲ್ಲ ಮೇಡಂ. ವೃಷಣದ ಕ್ಯಾನ್ಸರ್."

ಹೇಳಿಬಿಟ್ಟೆ. ಜೋರಾಗಿಯೇ ಹೇಳಿದೆ ಅನ್ನಿಸುತ್ತದೆ, ಕಾರಿಡಾರಿನಲ್ಲಿ ಯಾರದೋ ಚಪ್ಪಲಿಯ ಸದ್ದು ನಿಂತಿತು. ಹಾಳೆಯನ್ನು ಮೇಜಿನ ಮೇಲಿಟ್ಟೆ. "ಇದು ಅವನದು. ನಮ್ಮ ಲ್ಯಾಬಿಗೇ ಬರತ್ತೆ. ಇಳೀತಾನೇ ಇಲ್ಲ. ಸೋಮವಾರ ಕೀಮೋ."

ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಮೇಡಂ ಅದನ್ನು ನೋಡಲಿಲ್ಲ. ಹಾಳೆ ನೋಡಿದರು, ನನ್ನನ್ನು ನೋಡಿದರು.

"ಅವನಿಗೆ ನಲವತ್ಮೂರು. ನಿಂಗೆ ಮೂವತ್ತಾರು. ನಿಂಗೆ ಏನೂ ಕಾಯಿಲೆ ಇಲ್ಲ..." ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ಆಮೇಲೆ ರೇಗಿದರು. "ಶುಕ್ರವಾರ ನಾನು ಕೇಳ್ದಾಗ ಬಾಯಲ್ಲಿ ಕಡುಬಿತ್ತೇನೇ? ಅಪ್ಪ ಅಮ್ಮ ಇದಾರಾ?"

"ಅಮ್ಮ ಇದಾಳೆ."

"ನಾಳೆ ಕರ್ಕೊಂಡ್ ಬಾ."

ಕೆಲವು ಕುಟುಂಬಗಳಲ್ಲಿ ಹುಟ್ಟಿದ ಮೇಲೂ ಈ ಪ್ರೋಟೀನಿನ ನಲ್ಲಿ ಪೂರ್ತಿ ನಿಲ್ಲುವುದಿಲ್ಲವಂತೆ. ಬಹಳ ಅಪರೂಪ. ತಂದೆಯಿಂದಲೋ ತಾಯಿಯಿಂದಲೋ ಬರುತ್ತದೆ. ಕಾಯಿಲೆಯಲ್ಲ, ಏನೂ ಅಲ್ಲ. ಸುಮ್ಮನೆ ತೊಟ್ಟಿಕ್ಕುತ್ತಿರುತ್ತದೆ. ಮೇಡಂ ಎಲ್ಲೋ ಓದಿದ್ದು ಬಿಟ್ಟರೆ ಕಣ್ಣಾರೆ ಕಂಡಿಲ್ಲ. "ಖುಷಿ ಪಡ್ಬೇಡ ಇನ್ನೂ," ಎಂದರು.

ಖುಷಿ ಪಡುವುದು ಹೇಗೆಂದೇ ಮರೆತಿದೆ.

ಮಾರ್ಚ್ 18, ಬುಧವಾರ

ಅಮ್ಮ ಒಳ್ಳೆಯ ಸೀರೆ ಉಟ್ಟು ಬಂದಳು, ರಕ್ತ ಕೊಡಲು. ಸೂಜಿ ಅಕ್ಕ "ನಿಮ್ಮ ಮಗಳ ಹತ್ರ ಮಾತು ಹೊರಡಿಸೋದು ರಕ್ತ ತೆಗ್ಯೋದಕ್ಕಿಂತ ಕಷ್ಟ ಕಣ್ರಮ್ಮ," ಎಂದರು. ಅಮ್ಮ, "ಅವರಪ್ಪನ ಥರ," ಎಂದಳು.

ನಾಲ್ಕು ಗಂಟೆಗೆ ಅಮ್ಮನ ವರದಿ ಬಂತು. ನನ್ನ ಮೇಜಿಗೇ ಬಂತು, ತಪ್ಪು ತಿದ್ದಲು.

41.

ಅದೇ ದಿನ. ದೀಪ ಹಚ್ಚಿದ ಮೇಲೆ

ಅಮ್ಮ ಅಡುಗೆಮನೆಯ ಕಟ್ಟೆ ಹಿಡಿದು ನಿಂತಳು. "ಅಂದ್ರೆ... ನನ್ನಿಂದ ಬಂದಿದ್ದಾ?"

"ಕಾಯಿಲೆ ನಿನ್ನಿಂದ ಅಲ್ಲಮ್ಮ. ಈ ಅಂಕಿ ಮಾತ್ರ," ಎಂದೆ.

"ಅದೇ ಅಂಕಿ ನೋಡ್ಕೊಂಡು ತಾನೇ ಅವನಿಗೆ ಆ ಔಷಧಿ ಹಾಕೋಕೆ ಹೊರಟಿದ್ದು!"

ಅಣ್ಣ ಅಮ್ಮನ ಭುಜಕ್ಕೆ ಗದ್ದ ಊರಿದ. "ಮೂಗು ಅಪ್ಪಂದು, ಅಂಕಿ ನಿಂದು. ಆಸ್ತಿ ಪಾಲು ಸರಿಯಾಗೇ ಆಗಿದೆ ಬಿಡಮ್ಮ." ಅಮ್ಮ ಅವನ ತಲೆಗೆ ಸೌಟಿನಿಂದ ಹೊಡೆದಳು. ಮೆಲ್ಲಗೆ.

ಮೂವರೂ ಒಂದೇ ಬೆಚ್ಚನೆಯ ನೀರಿನಲ್ಲಿ... ಅಮ್ಮನೂ ಮಂಡಿ ಮಡಚಿಕೊಂಡು, ಒಳ್ಳೆಯ ಸೀರೆಯಲ್ಲಿ. ಅಮ್ಮನ ಅಮ್ಮನೂ ಇರಬಹುದೇ? ಅವಳಾಚೆ ಇನ್ನೂ ಯಾರು ಯಾರೋ, ನಾನು ಮುಖ ನೋಡದ ಹೆಂಗಸರು, ಕಣ್ಣು ಮುಚ್ಚಿಕೊಂಡು ತೇಲುತ್ತಾ...

ಮಾರ್ಚ್ 20, ಶುಕ್ರವಾರ

ದೊಡ್ಡ ಮೇಡಂ ಮೊದಲೇ ಫೋನ್ ಮಾಡಿದ್ದರು. ಕ್ಯಾನ್ಸರ್ ಡಾಕ್ಟರು ಮೂರೂ ವರದಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಮೀನಿನ ಚಿತ್ರ ಮುಚ್ಚಿಹೋಗಿತ್ತು.

"ನಾನೂ ಇದನ್ನ ನೋಡಿಲ್ಲ," ಎಂದರು ನೇರವಾಗಿ. "ನಲವತ್ತು ನಿಮ್ಮ ಮನೆ ಲೆಕ್ಕ ಆಗಿದ್ರೆ, ನಿನ್ ಗಡ್ಡೆ ಕೊಟ್ಟಿದ್ದೆಲ್ಲ ಇಳಿದುಹೋಗಿದೆ. ಉಳಿದಿರೋದು ನಿನ್ನದೇ. ಸ್ಕ್ಯಾನೂ ಹಾಗೇ ಹೇಳತ್ತೆ. ಆದ್ರೆ ಒಂದು ಮಾತು. ಕ್ಯಾನ್ಸರ್‌ನ ಕಾಳು ಒಂದೂ ಉಳಿದಿಲ್ಲ ಅಂತ ಬರ್ಕೊಡೋಕೆ ನನ್ನ ಕೈಲಾಗಲ್ಲ. ಕಾಯ್ಬಹುದು. ಕಾದು, ಟೆಸ್ಟ್ ಮಾಡಿಸ್ತಾ, ಸ್ಕ್ಯಾನ್ ಮಾಡಿಸ್ತಾ ಇರೋದು. ಅಂಕಿ ಇದ್ದಲ್ಲೇ ಇದ್ರೆ ಸರಿ. ಏರಿದ್ರೆ ಆಗ ಕೀಮೋ, ಆಗ ಇದಕ್ಕಿಂತ ಜಾಸ್ತಿ ಬೇಕಾಗ್ಬಹುದು. ನಾನಾಗಿದ್ರೆ ಕಾಯ್ತಿದ್ದೆ. ನಿರ್ಧಾರ ನಿಂದು."

ಅಮ್ಮ ಬಾಯಿ ತೆರೆದು, ಮುಚ್ಚಿದಳು. ಅವಳ ಗಂಟಲು ಡ್ಯೂಟಿಗೆ ಬರದಿದ್ದುದನ್ನು ಮೊದಲ ಸಲ ನೋಡಿದೆ.

ಅಣ್ಣ ತನ್ನ ಬೆರಳುಗಳನ್ನು ನೋಡಿಕೊಂಡ. ಎಲ್ಲದರ ಮೇಲೂ ಸುಟ್ಟ ಹಳೇ ಕಲೆ.

"ಕಾಯ್ತೀನಿ ಸರ್."

ಮಾರ್ಚ್ 23, ಸೋಮವಾರ. ಬೆಳಿಗ್ಗೆ

ಕೀಮೋ ಶುರುವಾಗಬೇಕಿದ್ದ ದಿನ. ಅಣ್ಣ ಕೆಲಸಕ್ಕೆ ಹೋದ. ಅಮ್ಮ ಬಾಗಿಲಲ್ಲೇ ನಿಂತಿದ್ದಳು, ಅವನು ತಿರುವು ದಾಟಿದ ಮೇಲೂ. ಸರಿ ಮಾಡಿದೆವೋ ತಪ್ಪು ಮಾಡಿದೆವೋ...

ಏಪ್ರಿಲ್ 20, ಸೋಮವಾರ

44. ಇನ್ನು ಮುಂದೆ ಅವನ ವರದಿ ಓದಲು ನನಗೆ ಕೊಡುವುದಿಲ್ಲವಂತೆ. ದೊಡ್ಡ ಮೇಡಂ ಆಜ್ಞೆ. "ನಿನ್ ಮುಖ ನೋಡೋಕಾಗಲ್ಲ."

ಮೇ 19, ಮಂಗಳವಾರ. ಬೆಳಿಗ್ಗೆ ಹತ್ತೂಕಾಲು, ಆಸ್ಪತ್ರೆ

ನಿನ್ನೆ ಸ್ಕ್ಯಾನ್ ಆಯಿತು. ಇವತ್ತು ಫಲಿತಾಂಶ. ಅಮ್ಮ ಮನೆಯಲ್ಲಿ ಫೋನಿನ ಪಕ್ಕ ಕೂತಿದ್ದಾಳೆ. ಬರಲಾರೆ ಎಂದಳು.

ಹೊರಗಿನ ಹಾಲ್ ತುಂಬಾ ಜನ. ಮಂದ ಬೆಳಕು, ಫ್ಯಾನು. ಯಾರೂ ಯಾರನ್ನೂ ನೋಡದೆ ಕೂತಿರುವುದು, ನೀರಿನ ಅಡಿಯಲ್ಲಿ ಕೂತಿರುವ ಹಾಗೆ. ಅಣ್ಣ ಒಬ್ಬನೇ ಒಳಗೆ ಹೋಗಿದ್ದಾನೆ. "ನೀನ್ ಬಂದ್ರೆ ನಾನು ಧೈರ್ಯ ಇರೋನ ಥರ ಆಡ್ಬೇಕಾಗತ್ತೆ. ಇಲ್ಲೇ ಇರು," ಎಂದ.

ಬಾಗಿಲು ಇನ್ನೂ ತೆರೆದಿಲ್ಲ.

ತೆರೆಯಿತು.

ಹತ್ತೂಮುಕ್ಕಾಲು

ಎಲ್ಲ ಸರಿಯಾಗಿದೆ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಅಂಕಿ 43 — ಏರಿಲ್ಲ. ಇಳಿದೂ ಇಲ್ಲ, ಇನ್ನು ಇಳಿಯುವುದೂ ಇಲ್ಲ. ಅದು ನಮ್ಮದು. ಕೀಮೋ ಬೇಡವೇ ಬೇಡ ಎಂದರಂತೆ ಡಾಕ್ಟರು. ಮುಂದಿನ ಟೆಸ್ಟಿಗೆ ಬಂದರೆ ಸಾಕು.

ಅಣ್ಣ ಇದನ್ನೆಲ್ಲ ಬಸ್ಸಿನ ಟೈಮು ಹೇಳುವವನ ಹಾಗೆ ಹೇಳಿದ. ಅಮ್ಮನಿಗೆ ಫೋನ್ ಮಾಡಿದ. ಅಮ್ಮ ಅಂಕಿಯನ್ನು ಎರಡು ಸಲ ಹೇಳಿಸಿಕೊಂಡಳಂತೆ. ಆಮೇಲೆ, "ಊಟಕ್ಕೆ ಬರ್ತೀರಾ?" ಎಂದಳಂತೆ.

ಫೋನು ಜೇಬಿಗಿಟ್ಟ. ಮೂಲೆಯ ಬೆಂಚಿನಲ್ಲಿ ಕೂತ.

"ಸ್ವಲ್ಪ ನನ್ ಮುಂದೆ ನಿಂತ್ಕೋತೀಯಾ?" ಎಂದ.

"ಯಾಕೋ?"

"ಸುಮ್ನೆ ನಿಂತ್ಕೋ ಮಾರಾಯ್ತಿ. ಆ ಕಡೆ ಮುಖ ಮಾಡಿ."

ನಿಂತಿದ್ದೇನೆ. ಅವನ ಹಣೆ ನನ್ನ ಬೆನ್ನಿಗೆ ಆನಿಕೊಂಡಿದೆ. ಜನ ನೋಡುತ್ತಿದ್ದಾರೆ. ನಿಂತುಕೊಂಡು ಏನೋ ಬರೆಯುತ್ತಿರುವ ಹುಡುಗಿಯನ್ನು ನೋಡುತ್ತಿದ್ದಾರೆ, ಅವಳ ಹಿಂದೆ ಇರುವವನನ್ನಲ್ಲ. ಇಷ್ಟು ಜನ ನನ್ನನ್ನು ಯಾವತ್ತೂ ನೋಡಿಲ್ಲ. ನೋಡಲಿ. ಬರೆಯುತ್ತಲೇ ಇರಬೇಕು. ಏನು ಬರೆಯಲಿ... ಎದುರಿನ ಗೋಡೆ ತಿಳಿ ಹಸಿರು. ಅಜ್ಜನೊಬ್ಬ ಕೊಡೆ ಹಿಡಿದುಕೊಂಡೇ ನಿದ್ದೆ ಹೋಗಿದ್ದಾನೆ. ಹೊರಗೆ ಮಳೆಯಿಲ್ಲ, ಮೋಡವೂ ಇಲ್ಲ. ನರ್ಸ್ ಯಾರನ್ನೋ ಕರೆಯುತ್ತಿದ್ದಾಳೆ, ಯಾರೂ ಏಳುತ್ತಿಲ್ಲ. ಬೆನ್ನು ಒದ್ದೆಯಾಗುತ್ತಿದೆ. ಅಲುಗುತ್ತಿದ್ದಾನೆ. ನಗುತ್ತಿದ್ದಾನೋ... ಇಲ್ಲ. ಅಳಲಿ, ಇನ್ನೂ ಹಾಳೆ ಇದೆ. ತಿಳಿ ಹಸಿರು ಗೋಡೆಯ ಮೇಲೊಂದು ಗಡಿಯಾರ, ಅದರ ಪಕ್ಕದಲ್ಲಿ ಒಂದು ಮೊಳೆ, ಅದಕ್ಕೆ ಏನೂ ನೇತುಹಾಕಿಲ್ಲ, ಅದರ ಕೆಳಗೆ ಒಂದು